ಕಂಟ್ರೋಲ್‌ಗೂ ಬಾಲ ಬಂತು

ಫ್ಲೆಕ್ಸ್ ಅಂಗಡಿಯ ಹುಡುಗ ನನ್ನ ಪೋಸ್ಟರ್ ಫೈಲ್ ತೆರೆದವನೇ ಕೇಳಿದ, "ಸರ, ಇದರಾಗ ಫೋಟೋ ಯಾರದ್ರಿ?" ಹುಟ್ಟುಹಬ್ಬದ ಶುಭಾಶಯ ಅಚ್ಚು ಹಾಕಿ ರೂಢಿ ಅವನಿಗೆ. ಜೀವಕೋಶದ್ದು ಅಂದೆ. ಕಪ್ಪು ಹಿನ್ನೆಲೆಯಲ್ಲಿ ಮಸುಕು ಹಸಿರು ಚುಕ್ಕೆಗಳು. ಪಾಪ, ಏನೂ ಕಾಣಲ್ಲ ಅನಿಸಿರಬೇಕು, ಕೇಳದೇ ಬ್ರೈಟ್‌ನೆಸ್ ಏರಿಸಿಬಿಟ್ಟ. ನಾನು ಅದನ್ನು ನೋಡಿದ್ದು ಮರುದಿನ, ಧಾರವಾಡದ ಹಾಲ್‌ನಲ್ಲಿ ಗೋಡೆಗೆ ಕಟ್ಟುವಾಗ.

ಡಿಎನ್‌ಎ ರಿಪೇರಿ, ಕ್ಯಾನ್ಸರ್ ಮೇಲೆ ಕೆಲಸ ಮಾಡುವ ನಮ್ಮ ಭಾಗದ ಪಿಎಚ್‌ಡಿ ಹುಡುಗರಿಗಾಗಿ ನಾವು ನಾಲ್ಕು ಜನ ಸೇರಿ ಮಾಡಿದ ಒಂದು ದಿನದ ಸಭೆ ಅದು. ಹುಬ್ಬಳ್ಳಿ, ಗದಗ, ಹಾವೇರಿಯವರೆಲ್ಲ ಸೇರಿ ನಲವತ್ತು ಮಂದಿ. ಊಟ, ಪ್ರೊಜೆಕ್ಟರ್ ಹೇಗೋ ಆಗುತ್ತವೆ. ಕಷ್ಟ ಅಂದ್ರೆ ಹುಡುಗರ ಬಾಯಿ ಬಿಡಿಸುವುದು. ದೊಡ್ಡ ಸಮ್ಮೇಳನಗಳಲ್ಲಿ ನಾನೇ ಸುಮ್ನೆ ಚಹಾ ಕುಡಿದು ಬಂದವನು. ಅದಕ್ಕೆ ಎರಡೇ ಕರಾರು ಹಾಕಿದೆವು. ಕನ್ನಡದಲ್ಲಿ ಮಾತಾಡಬಹುದು. ಮೂವರು ವಿದ್ಯಾರ್ಥಿಗಳು ಪ್ರಶ್ನೆ ಕೇಳುವ ತನಕ ಗೈಡ್‌ಗಳು ಬಾಯಿ ತೆರೆಯುವಂತಿಲ್ಲ. "ಬೆಂಚ್ ಮ್ಯಾಲೆ ನಿಲ್ಲಸೋದೊಂದು ಉಳೀತು" ಅಂತ ಹಿರಿಯರೊಬ್ಬರು ನಕ್ಕರು. ಆದರೂ ಹಿಂದಿನ ಸಾಲಿಗೆ ಹೋಗಿ ಕೂತರು.

ಬೆಳಿಗ್ಗೆ ಮಾತಾಡಿದವರಲ್ಲಿ ಬೆಟಗೇರಿಯ ನೇಕಾರರ ಮನೆಯ ಹುಡುಗನೊಬ್ಬ. ಡಿಎನ್‌ಎಯ ಎರಡೂ ಎಳೆ ತುಂಡಾದರೆ ಕೋಶ ಏನು ಮಾಡುತ್ತದೆ ಅನ್ನೋದನ್ನು ಮಗ್ಗದ ಲೆಕ್ಕದಲ್ಲಿ ಹೇಳಿದ. ನೂಲು ಹರಿದರೆ ಅವರವ್ವ ತುದಿಗೆ ತುದಿ ಹಿಡಿದು ಗಂಟು ಹಾಕುತ್ತಾಳಂತೆ. ಕೆಲಸ ಬೇಗ, ಆದರೆ ಒಂದಿಷ್ಟು ನೂಲು ಹೋಗುತ್ತದೆ. ಅಂಚಿನ ಚಿತ್ತಾರ ಕೆಟ್ಟರೆ ಮಾತ್ರ ಅಂಥದೇ ಇನ್ನೊಂದು ಸೀರೆ ಮುಂದಿಟ್ಟುಕೊಂಡು ನೇಯುತ್ತಾಳೆ. ಕೋಶದಲ್ಲಿ ಹೀಗೆ ಪ್ರತಿ ನೋಡಿ ನೇಯಲು ಬಿಆರ್‌ಸಿಎ1, ಬಿಆರ್‌ಸಿಎ2 ಬೇಕು. ಈ ಜೀನ್‌ಗಳು ಕೆಟ್ಟಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ಜಾಸ್ತಿ. ಒಲಾಪರಿಬ್ ಅನ್ನುವ ಕ್ಯಾನ್ಸರ್ ಮಾತ್ರೆ, ಪಾರ್ಪ್ ಅನ್ನುವ ಇನ್ನೊಬ್ಬ ರಿಪೇರಿಯವನ (ಅದೂ ಕೋಶದ್ದೇ ಪ್ರೋಟೀನ್) ಕೈ ಕಟ್ಟುತ್ತದೆ. ಬಿಆರ್‌ಸಿಎ ಕಳಕೊಂಡ ಗಡ್ಡೆಯ ಕೋಶಕ್ಕೆ ಆಮೇಲೆ ದಾರಿಯೇ ಇಲ್ಲ, ಸಾಯುತ್ತದೆ. ಇದನ್ನು ನಾನು ಇಷ್ಟು ಸಲೀಸಾಗಿ ಯಾವತ್ತೂ ಹೇಳಿದ್ದಿಲ್ಲ.

ರೊಟ್ಟಿ, ಝುಣಕದ ಊಟ ಆದ ಮೇಲೆ ಪೋಸ್ಟರ್. ನನ್ನದು ಕಾಮೆಟ್ ಪರೀಕ್ಷೆ, ಕೋಶದ ಡಿಎನ್‌ಎಗೆ ಎಷ್ಟು ಪೆಟ್ಟಾಗಿದೆ ಅಂತ ನೋಡುವುದು. ಕೋಶಗಳನ್ನು ಅಗರೋಸ್ ಅನ್ನುವ ಜೆಲ್‌ನಲ್ಲಿ ಬೆರೆಸಿ ಸ್ಲೈಡ್ ಮೇಲೆ ತೆಳ್ಳಗೆ ಹರಡಬೇಕು. ಉಪ್ಪು, ಡಿಟರ್ಜೆಂಟ್ ದ್ರಾವಣದಲ್ಲಿ ಪೊರೆ ಕರಗಿಸಬೇಕು. ಆಮೇಲೆ ಪಿಎಚ್ 13 ದಾಟಿದ ಕ್ಷಾರದಲ್ಲಿಟ್ಟು ಕರೆಂಟ್ ಹಾಯಿಸಬೇಕು. ತುಂಡಾದ ಡಿಎನ್‌ಎ ಪಾಸಿಟಿವ್ ತುದಿಯ ಕಡೆ ಎಳೆದುಕೊಂಡು ಹೋಗಿ ಧೂಮಕೇತುವಿನ ಬಾಲ ಮೂಡುತ್ತದೆ. ಪೆಟ್ಟಾಗದ ಕೋಶ ದುಂಡಗೆ ಉಳಿಯುತ್ತದೆ. ಡಿಎನ್‌ಎ ತುಂಡರಿಸುವ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ ಕೋಶಕ್ಕೆ ಬಾಲ ಬರಬೇಕು, ಹಾಕದ ಕಂಟ್ರೋಲ್‌ಗೆ ಬರಬಾರದು. ನನ್ನ ಫ್ಲೆಕ್ಸ್‌ನಲ್ಲಿ ಎರಡಕ್ಕೂ ಇತ್ತು.

"ಸರ್, ಏನೂ ಹಾಕದಿದ್ರೂ ಯಾಕ ಬಾಲ ಐತ್ರಿ?" ಹಾವೇರಿ ಕಡೆಯ ಹುಡುಗಿ, ಮೊದಲ ವರ್ಷ. ಅಚ್ಚಿನ ತಪ್ಪು ಅಂತ ಲ್ಯಾಪ್‌ಟಾಪ್ ತೆರೆದು ಮೂಲ ಫೋಟೋ ತೋರಿಸಿದೆ. ಅವಳು ಬಗ್ಗಿ ನೋಡಿದಳು. "ಇದರಾಗೂ ಸಣ್ಣಂಗ ಐತಲ್ರಿ."

ಇತ್ತು. ನಾನು ಎರಡು ತಿಂಗಳು ನೋಡಿಯೂ ನೋಡದಂತಿದ್ದುದನ್ನು ಫ್ಲೆಕ್ಸ್ ಹುಡುಗ ಎತ್ತಿ ತೋರಿಸಿದ್ದ, ಅಷ್ಟೇ. ಸುತ್ತ ಏಳೆಂಟು ಜನ ಸೇರಿದರು. ತಟ್ಟೆಯಿಂದ ಕೋಶ ಬಿಡಿಸೋ ಟ್ರಿಪ್ಸಿನ್‌ನಲ್ಲಿ ಎಷ್ಟು ಹೊತ್ತು ಬಿಟ್ರಿ? ದ್ರಾವಣ ತಣ್ಣಗಿತ್ತಾ? ದೀಪ ಆರಿಸಿದ್ರಾ? ಟ್ಯೂಬ್‌ಲೈಟ್ ಉರೀತಾನೇ ಇತ್ತು ಅಂತ ಒಪ್ಪಿಕೊಂಡೆ. ಬೆಳಕಿಗೂ ಡಿಎನ್‌ಎ ಏಟು ತಿನ್ನುತ್ತದೆ, ಗೊತ್ತಿದ್ದೂ ಮಾಡಿದ ತಪ್ಪು. ಆರೋಗ್ಯವಾದ ಕೋಶದಲ್ಲೂ ದಿನಕ್ಕೆ ಹತ್ತಾರು ಸಾವಿರ ಪೆಟ್ಟು ಬೀಳುತ್ತವೆ, ಚೂರು ಬಾಲ ಇದ್ದೇ ಇರುತ್ತದೆ ಅಂತ ಒಬ್ಬ ನನ್ನ ಪರ ವಾದಿಸಿದ. ಹಿಂದೆ ನಿಂತ ಗೈಡ್ ಒಬ್ಬರು ಬಾಯಿ ಬಿಗಿ ಹಿಡಿದು ಒದ್ದಾಡುತ್ತಿದ್ದರು.

ಮುಂದಿನ ವಾರ ಟ್ಯೂಬ್‌ಲೈಟ್ ಆರಿಸಿ, ಮಂದ ಹಳದಿ ಬಲ್ಬ್‌ನಲ್ಲಿ ಮತ್ತೆ ಮಾಡಿದೆ. ಬಾಲ ಕಮ್ಮಿಯಾಯ್ತು, ಪೂರ್ತಿ ಹೋಗಲಿಲ್ಲ. ಫೋಟೋ ಆ ಹುಡುಗಿಗೆ ಕಳಿಸಿದೆ. "ಎಷ್ಟು ಕೋಶ ಎಣಿಸೀರಿ ಸರ್?" ಅಂತ ಉತ್ತರ ಬಂತು.