ಹಾಸ್ಟೆಲಿನಲ್ಲಿ ಹೊತ್ತು ಮುಳುಗುವ ಮುಂಚಿನ ಊಟ: ನನ್ನ ಅನುಭವ

ನಾವು ಜೈನರು. ಹಾಸ್ಟೆಲಿಗೆ ಹೋದ ಮೇಲೆ ರಾತ್ರಿ ಊಟದ ತ್ಯಾಗ, ಅಂದರೆ ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು, ನಡೆಯೋದಿಲ್ಲ, ಒಂದು ಸೆಮಿಸ್ಟರ್ ದಾಟಿದರೆ ಹೆಚ್ಚು ಎಂದವರೇ ಬಹಳ ಜನ. ನಮ್ಮೂರ ಬಸದಿಯ ಹಿರಿಯರು ಕೂಡ "ಓದು ಮುಗಿಯೋತನಕ ಬಿಡಪಾ, ಆಮ್ಯಾಲೆ ಹಿಡಿ" ಅಂದಿದ್ದರು. ಬಿ.ಎಸ್ಸಿ. ಕೃಷಿಯ ನಾಲ್ಕೂ ವರ್ಷ ನಿಯಮ ಮುರಿಯದೆ ನಡೆಯಿತು. ಆದರೆ ಮೊದಲ ಮೂರು ಸೆಮಿಸ್ಟರಿನಲ್ಲಿ ನಿಯಮ ಉಳಿದಿತ್ತು, ಗೆಳೆಯರು ಉಳಿದಿರಲಿಲ್ಲ. ನಾಲ್ಕನೆಯದರಿಂದ ಎರಡೂ ಉಳಿದವು. ಅದು ಹೇಗೆ ಅನ್ನೋದಷ್ಟೇ ಇಲ್ಲಿದೆ.

ಮೊದಲು ಗಡಿಯಾರ. ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ನವೆಂಬರ್ ಕೊನೆಗೆ ಹೊತ್ತು ಮುಳುಗುವುದು ಹೆಚ್ಚುಕಡಿಮೆ 6 ಗಂಟೆಗೆ. ಜೂನ್ ಕೊನೆಗೆ 7 ದಾಟುತ್ತದೆ. ಎರಡು ಘಳಿಗೆ, ಅಂದರೆ 48 ನಿಮಿಷ ಮುಂಚೆ ಕೈ ತೊಳೆಯಬೇಕೆಂದರೆ ನವೆಂಬರಿನಲ್ಲಿ 5:10ಕ್ಕೆ ಊಟ ಮುಗಿದಿರಬೇಕು. ಪ್ರಾಯೋಗಿಕ ತರಗತಿ ಬಿಡುವುದೇ 5ಕ್ಕೆ. ಬೆಳಿಗ್ಗೆಯೂ ಹೊತ್ತು ಹುಟ್ಟಿ ಎರಡು ಘಳಿಗೆ ಕಳೆದ ಮೇಲೇ ತಿನ್ನಬೇಕು, ಅದು ಇನ್ನೂ ಕಷ್ಟ. ಜನವರಿಯಲ್ಲಿ ಸೂರ್ಯ ಹುಟ್ಟುವುದು 7ರ ಆಸುಪಾಸು, ಎರಡು ಘಳಿಗೆ ಕಳೆದರೆ 7:50, ಕ್ಲಾಸು 8ಕ್ಕೆ. ಮೆಸ್ಸಿನ ರಾತ್ರಿ ಊಟ ಶುರುವಾಗುವುದು 7:30ಕ್ಕೆ. ಹಾಸ್ಟೆಲಿನಲ್ಲಿ ಗೆಳೆತನ ಹುಟ್ಟುವುದು ಆ ಊಟದ ಒಂದು ತಾಸಿನಲ್ಲೇ. ನನ್ನನ್ನು ಒಂಟಿ ಮಾಡಿದ್ದು ಧರ್ಮವಲ್ಲ, ಯಾರ ತಾತ್ಸಾರವೂ ಅಲ್ಲ, ಆ ಒಂದು ತಾಸು. ಇದು ಗೊತ್ತಾಗಲು ಒಂದೂವರೆ ವರ್ಷ ಬೇಕಾಯಿತು.

ಕೆಟ್ಟ ಪ್ರಯೋಗಗಳ ಲೆಕ್ಕ ಹೇಳಿಬಿಡುತ್ತೇನೆ. ಟಿಫಿನ್ ಕ್ಯಾರಿಯರ್ ಹಚ್ಚಿದ್ದೆ, ದಿನಕ್ಕೆ 60 ರೂಪಾಯಿ. ಅವರು ತರುತ್ತಿದ್ದುದು ಆರೂವರೆಗೆ, ಎರಡು ಘಳಿಗೆಯ ಲೆಕ್ಕಕ್ಕೆ ಜೂನ್ ಸೇರಿ ಯಾವ ತಿಂಗಳಿಗೂ ಉಪಯೋಗವಿಲ್ಲ. ಕೋಣೆಯಲ್ಲಿ ವಿದ್ಯುತ್ ಒಲೆ ಇಟ್ಟೆ, ಸಿಕ್ಕಿತು, 500 ದಂಡ. ಮೂರನೇ ಸೆಮಿಸ್ಟರಿಗೆ ಹೊರಗೆ ಕೋಣೆ ಹಿಡಿದೆ. ಬಾಡಿಗೆ, ಸಿಲಿಂಡರ್, ಪಾತ್ರೆ ಎಲ್ಲ ಸೇರಿ ತಿಂಗಳಿಗೆ ಏಳು ಸಾವಿರದ ಹತ್ತಿರ. ಮೆಸ್ಸಿನ ಬಿಲ್ಲು ಮೂರು ಸಾವಿರವೂ ಇರಲಿಲ್ಲ. ನಿಯಮ ಬಹಳ ಶುದ್ಧವಾಗಿ ನಡೆಯಿತು, ಮಾತಾಡಲು ಮಾತ್ರ ಯಾರೂ ಇರಲಿಲ್ಲ. ಹೊರಗೆ ಕೋಣೆ ಹಿಡಿಯಬೇಡಿ. ಅವಲಕ್ಕಿ, ಬಾಳೆಹಣ್ಣು ತಿಂದು ಸಂಜೆ ಕಳೆಯುವುದೂ ಬೇಡ. ಎರಡು ತಿಂಗಳಲ್ಲಿ ತೂಕ ಇಳಿಯುತ್ತದೆ, ಒಂಬತ್ತಕ್ಕೆ ತಲೆನೋವು ಶುರುವಾಗಿ ಓದು ಹಾಳಾಗುತ್ತದೆ.

ಕೆಲಸ ಮಾಡಿದ್ದು ಏನೆಂದರೆ, ಹೊತ್ತಿನ ತೊಂದರೆ ಇರುವವರನ್ನೆಲ್ಲ ಒಂದು ಅರ್ಜಿಯಲ್ಲಿ ಕೂಡಿಸಿದ್ದು. ಊಟ ಬೇಗ ಕೊಡಿ ಎಂದು ಒಬ್ಬನೇ ಕೇಳಿದಾಗ ಮೆಸ್ಸಿನವರು ಮೂರು ಸಲ ಇಲ್ಲ ಅಂದಿದ್ದರು. ನಾಲ್ಕನೇ ಸಲ ಏಳು ಜನ ಹೋದೆವು: ನಾನು, ರಾಜಸ್ಥಾನದಿಂದ ಬಂದ ಶ್ವೇತಾಂಬರ ಜೈನರ ಹುಡುಗ, ಏಕಾದಶಿ ಹಿಡಿಯುವ ಮಾಧ್ವರ ಹುಡುಗ, ಸೋಮವಾರ ಒಪ್ಪತ್ತು ಮಾಡುವ ಲಿಂಗಾಯತರ ಹುಡುಗ, ರಂಜಾನಿನಲ್ಲಿ ಸಹರಿಗೆ, ಅಂದರೆ ಬೆಳಕು ಹರಿಯುವ ಮುಂಚೆ, ಊಟ ಬೇಕಾದ ಇಬ್ಬರು, ಇನ್‌ಸುಲಿನ್ ಸೂಜಿ ಚುಚ್ಚಿಕೊಂಡು ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕಾದ ಒಬ್ಬ. ಅರ್ಜಿಯಲ್ಲಿ ಧರ್ಮ ಎಂಬ ಶಬ್ದ ಬರೆಯಲಿಲ್ಲ, 'ಊಟದ ವೇಳೆ' ಅಂತಷ್ಟೇ ಬರೆದೆವು. ಹೊಸ ಅಡುಗೆ ಕೇಳಲಿಲ್ಲ, ಮಾಡಿದ್ದರಲ್ಲೇ ತೆಗೆದಿಡಿ ಎಂದೆವು. ಒಪ್ಪಿದರು. ಅಡುಗೆಯ ಕಾಕಾನನ್ನು ಒಪ್ಪಿಸಿದ ರೀತಿ ಬೇರೆಯೇ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ದುಡ್ಡು ಕೊಟ್ಟಿಲ್ಲ ಎಂದಷ್ಟು ಹೇಳಬಲ್ಲೆ.

ಏನು ಕೇಳಬೇಕು ಅನ್ನೋದರಲ್ಲೇ ಎಲ್ಲ ಇದೆ. ಮುನ್ನೂರು ಜನರ ಮೆಸ್ಸಿನಲ್ಲಿ ಬೇಳೆ ನಾಲ್ಕಕ್ಕೇ ಬೆಂದಿರುತ್ತದೆ, ನಮಗೆ ನಡೆಯದ ಉಳ್ಳಾಗಡ್ಡಿ-ಬಳ್ಳೊಳ್ಳಿಯ ಒಗ್ಗರಣೆ ಬೀಳುವುದು ಆರರ ನಂತರ. ನಡುವೆ ಬೇಳೆ ತೆಗೆದು ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ ಬೇರೆ ಹಾಕಿಸಿಕೊಂಡರೆ ಐದು ನಿಮಿಷದ ಕೆಲಸ. ಚಪಾತಿ, ಅನ್ನ ಕೇಳಬೇಡಿ. ಐದಕ್ಕೆ ಹಿಟ್ಟು ಕಲಸುತ್ತಿರುತ್ತಾರೆ, ಅಕ್ಕಿ ನೆನೆದಿರುವುದಿಲ್ಲ. ರೊಟ್ಟಿ ನಿಮ್ಮದೇ ಇರಲಿ. ಕಡಕ್ ಜೋಳದ ರೊಟ್ಟಿ ವಾರಕ್ಕೆ 30 ಸಾಕು. ನಮ್ಮ ಕಾಲಕ್ಕೆ ಪೇಟೆಯ ರೊಟ್ಟಿ ಕೇಂದ್ರದಲ್ಲಿ ಒಂದಕ್ಕೆ ಐದಾರು ರೂಪಾಯಿ ಇತ್ತು. ಮರ್ಯಾದೆಯ ಲೆಕ್ಕ, ಅಂದರೆ ಯಾವ ತಿನಿಸು ಎಷ್ಟು ದಿನ ನಡೆಯುತ್ತದೆಂಬ ಮಿತಿ, ಹಿಡಿದು ನಡೆಯುವ ವ್ರತಿಗಳಿಗೆ ವಾರದ ರೊಟ್ಟಿ ನಡೆಯದು, ಮಳೆಗಾಲದಲ್ಲಿ ಹಿಟ್ಟಿಗೇ ಮೂರು ದಿನದ ಮಿತಿ. ನಾನು ವ್ರತಿಯಲ್ಲ. ರಾತ್ರಿ ಊಟ, ಕಂದಮೂಲ (ನೆಲದೊಳಗೆ ಬೆಳೆಯುವ ಗಡ್ಡೆ-ಬೇರು), ಸೋಸದ ನೀರು, ಈ ಮೂರನ್ನು ಬಿಟ್ಟವನು ಅಷ್ಟೇ. ಎಲ್ಲವನ್ನೂ ಒಮ್ಮೆಲೇ ಹಿಡಿದ ಇಬ್ಬರು ಸೀನಿಯರ್‌ಗಳು ಎರಡನೇ ವರ್ಷಕ್ಕೆ ಎಲ್ಲವನ್ನೂ ಬಿಟ್ಟದ್ದನ್ನು ನೋಡಿದ್ದೇನೆ.

ನೀರಿನದು ಸುಲಭ. ಸೋಸಿದ ನೀರಿನ ಮಿತಿ ಎರಡು ಘಳಿಗೆಗೇ ಮುಗಿಯಿತು, ಲವಂಗದ ಪುಡಿ ಬೆರೆಸಿದರೆ ಆರು ತಾಸು, ಚೆನ್ನಾಗಿ ಕುದಿಸಿದರೆ ಒಂದು ದಿನ. ಮೆಸ್ಸಿನ ಚಹಾದ ಒಲೆಯ ಮೇಲೆ ಬೆಳಿಗ್ಗೆ ಎರಡು ಲೀಟರ್ ಕುದಿಸಿ ಸ್ಟೀಲ್ ಫ್ಲಾಸ್ಕಿಗೆ ಹಾಕಿಕೊಳ್ಳಿ.

ಸಂಜೆಯ ಊಟವನ್ನು ಕೋಣೆಯಲ್ಲಿ ಮಾಡಬೇಡಿ. ಮೆಸ್ಸಿನ ಹಿಂದಿನ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿ. ಐದಕ್ಕೆ ಎಲ್ಲರಿಗೂ ಹಸಿವು, ಚಹಾ ಬಿಟ್ಟರೆ ಏನೂ ಸಿಗುವುದಿಲ್ಲ. ರೊಟ್ಟಿ ಲಟಕ್ಕೆಂದು ಮುರಿದ ಸದ್ದಿಗೇ ಇಬ್ಬರು ಬರುತ್ತಾರೆ. ಅಂಗೈಯಗಲದ ಚೂರಿಗೆ ಗುರೆಳ್ಳು ಹಿಂಡಿ, ಅದರ ಮೇಲೆ ಒಂದು ಹನಿ ಶೇಂಗಾ ಎಣ್ಣೆ. ಬಳ್ಳೊಳ್ಳಿ ಇಲ್ಲದ ಹಿಂಡಿ ಸಪ್ಪಗಿರುತ್ತದೆ ಅಂತಾರೆ, ನಮ್ಮ ಅವ್ವನ ಹಿಂಡಿ ತಿಂದವರು ಹಾಗಂದಿಲ್ಲ. ಪ್ರಮಾಣ ಹೇಳುವುದಿಲ್ಲ, ಹುಣಸೆಹಣ್ಣಿನ ಬದಲು ಬೇರೇನೋ ಇದೆ ಅಂತ ತಿಳಿಯಿರಿ. ತಿಂಗಳಿಗೆ ಎರಡು ಕಿಲೋ ಹಿಂಡಿ ಖರ್ಚಾಗುತ್ತಿತ್ತು, ಅದರಲ್ಲಿ ನಾನು ತಿಂದದ್ದು ಕಾಲು ಕಿಲೋ ಇರಬಹುದು. ಇಡೀ ನಾಲ್ಕು ವರ್ಷದಲ್ಲಿ ಅತ್ಯಂತ ಚೆನ್ನಾಗಿ ಖರ್ಚಾದ ದುಡ್ಡು ಅದು.

ರಾತ್ರಿ ಎಂಟಕ್ಕೆ ಉಣ್ಣದಿದ್ದರೂ ಮೆಸ್ಸಿಗೆ ಹೋಗಿ ಕೂಡ್ರಬೇಕು. ಪುಸ್ತಕ ಹಿಡಿದು ಕೂತರೆ ಸೊಕ್ಕು ಅಂದುಕೊಳ್ಳುತ್ತಾರೆ. ಬರಿಗೈಲಿ ಕೂತರೆ ದಿನಾ "ಯಾಕ ಉಣ್ಣವಲ್ಲಿ?" ಕೇಳಿಸಿಕೊಳ್ಳಬೇಕು. ನಾನು ಮೆಸ್ ಸಮಿತಿಯ ಲೆಕ್ಕದ ವಹಿ ವಹಿಸಿಕೊಂಡೆ. ಯಾರ ಗೈರುಹಾಜರಿ ಎಷ್ಟು, ಯಾರಿಗೆ ಎಷ್ಟು ಕಡಿತ, ಎಲ್ಲ ನನ್ನ ಮೇಜಿನ ಮೇಲೆ. ಜನ ತಾವಾಗಿ ಬಂದು ಎದುರು ಕೂತು ಉಣ್ಣತೊಡಗಿದರು. ಇನ್ನೊಂದು ತಪ್ಪು ತಿದ್ದಿಕೊಂಡೆ. 48 ನಿಮಿಷ ಕೂತು ಮಾಡುವ ಧ್ಯಾನವಾದ ಸಾಮಾಯಿಕವನ್ನು ಮೊದಲು ಸಂಜೆ ಟೆರೇಸಿನ ಮೇಲೆ ಮಾಡುತ್ತಿದ್ದೆ, ಎಲ್ಲರೂ ಮೈದಾನದಿಂದ ಬರುವ ಹೊತ್ತಿಗೆ ಸರಿಯಾಗಿ. ಅದನ್ನು ಬೆಳಿಗ್ಗೆ ಐದೂಮುಕ್ಕಾಲಕ್ಕೆ ಒಯ್ದೆ.

ಕೃಷಿ ಓದುವ ಶ್ರಾವಕರಿಗೆ, ಅಂದರೆ ಗೃಹಸ್ಥ ಜೈನರಿಗೆ, ಊಟಕ್ಕಿಂತ ದೊಡ್ಡ ಮುಳ್ಳು ಕೀಟಶಾಸ್ತ್ರದ ಪೆಟ್ಟಿಗೆ: ಹುಳಗಳನ್ನು ಕೂಡಿಸಿ ಪಿನ್ ಚುಚ್ಚಿ ಅಂಕಕ್ಕೆ ಒಪ್ಪಿಸುವುದು. ಉಳುಮೆಯಲ್ಲಿ ಆಗುವ ಹಿಂಸೆ ಉದ್ಯೋಗಿ ಹಿಂಸೆ, ಅಂದರೆ ಹೊಟ್ಟೆಪಾಡಿನ ಕೆಲಸದಲ್ಲಿ ಆಗುವಂಥದ್ದು, ಗೃಹಸ್ಥನಿಗೆ ಅದು ತಪ್ಪಿದ್ದಲ್ಲ. ಕೃಷಿ ಕಲಿಸಿದವನೇ ನಮ್ಮ ಮೊದಲ ತೀರ್ಥಂಕರ ಆದಿನಾಥ. ಅಂಕಕ್ಕಾಗಿ ಚಿಟ್ಟೆಯನ್ನು ವಿಷದ ಬಾಟಲಿಗೆ ಹಾಕುವುದು ಸಂಕಲ್ಪಿ ಹಿಂಸೆ, ಬೇಕೆಂದೇ ಕೊಲ್ಲುವುದು. ಇದರಲ್ಲಿ ನನಗೆ ಎಂದೂ ಅನುಮಾನ ಇರಲಿಲ್ಲ, ಕೋರ್ಸು ಬಿಡುವ ತನಕ ಹೋಗಿದ್ದೆ. ದಾರಿ ಇದೆ: ಸತ್ತದ್ದನ್ನೇ ಆರಿಸುವುದು. ಮೊದಲ ಮಳೆ ಬಿದ್ದ ವಾರ ಬೀದಿದೀಪದ ಕೆಳಗೆ ದುಂಬಿಗಳ ರಾಶಿ ಬಿದ್ದಿರುತ್ತದೆ. ಬೆಳಿಗ್ಗೆ ಆರರೊಳಗೆ ಹೋಗಬೇಕು, ತಡವಾದರೆ ಇರುವೆಗಳು ಹೊಟ್ಟೆ ಖಾಲಿ ಮಾಡಿರುತ್ತವೆ. ಹಸಿರುಮನೆಯ ಕಿಟಕಿಯ ಪಡಿ, ಜೇಡರಬಲೆ, ನಿಂತ ಬಸ್ಸಿನ ಮುಂದಿನ ಜಾಲರಿ, ಎಲ್ಲೆಡೆ ಸಿಗುತ್ತವೆ.

ಒಣಗಿ ಸೆಟೆದ ಹುಳಕ್ಕೆ ಹಾಗೇ ಪಿನ್ ಚುಚ್ಚಿದರೆ ಕಾಲು ಮುರಿಯುತ್ತದೆ. ಅಗಲ ಬಾಯಿಯ ಬಾಟಲಿಗೆ ಎರಡು ಇಂಚು ಒದ್ದೆ ಮರಳು, ಬೂಷ್ಟು ಹಿಡಿಯದಂತೆ ನಾಲ್ಕು ಹನಿ ಕಾರ್ಬಾಲಿಕ್ ಆಮ್ಲ, ಮೇಲೆ ಬ್ಲಾಟಿಂಗ್ ಕಾಗದ, ಅದರ ಮೇಲೆ ಹುಳ, ಬಿಗಿ ಮುಚ್ಚಳ. ಸಣ್ಣವಕ್ಕೆ ಒಂದು ದಿನ, ದಪ್ಪ ದುಂಬಿಗೆ ಎರಡು-ಮೂರು ದಿನ. ಚಿಮಟದಿಂದ ಮುಟ್ಟಿದರೆ ಕಾಲು ಮೆತ್ತಗೆ ಬಾಗಬೇಕು, ಆಗ ತೆಗೆಯಿರಿ. ದುಂಬಿಗೆ ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕ ಪಿನ್, ಚಿಟ್ಟೆಗೆ ಎದೆಯ ನಡುವೆ. ಚಿಟ್ಟೆಯ ರೆಕ್ಕೆಗೆ ನೀರು ತಾಗಿದರೆ ಹುರುಪೆ ಉದುರುತ್ತದೆ. ಹೀಗೆ ಐವತ್ತರ ಹತ್ತಿರ ಕೂಡಿಸಿದೆ, ಅದರಲ್ಲಿ ಹತ್ತು ಹುಳಗಳು ಆಂಟೆನಾ (ಮೀಸೆ) ಮುರಿದಿವೆ ಎಂದು ತಿರಸ್ಕೃತವಾದವು. ಉಳಿದವುಗಳ ಚೀಟಿಯಲ್ಲಿ ಸ್ಥಳ, ತಾರೀಖಿನ ಜೊತೆಗೆ 'ಸತ್ತು ಬಿದ್ದಾಗ ಸಿಕ್ಕಿದ್ದು' ಎಂದೂ ಬರೆದಿದ್ದೆ. ಗುರುಗಳು ಅದನ್ನು ಓದಿ ಏನೂ ಹೇಳಲಿಲ್ಲ, ಅಂಕ ಪೂರ್ತಿ ಕೊಟ್ಟರು. ಮರುವರ್ಷ ಬೆಳಗಿನ ಆರಕ್ಕೆ ಬೀದಿದೀಪದ ಕೆಳಗೆ ನಾವು ನಾಲ್ಕು ಜನ ಇದ್ದೆವು, ಮೂವರು ಜೈನರಲ್ಲ.