ಮಗಳ ಶಾಲೆಯ ‘ಸಂಯಮ ಪಾಠ’ಕ್ಕೆ ದುಡ್ಡು ಎಲ್ಲಿಂದ ಬಂತು? ಹುಡುಕುವ ದಾರಿ

ಏಳನೇ ಕ್ಲಾಸಿನ ಮಗಳು ಒಂದು ಸಂಜೆ ಬ್ಯಾಗಿನಿಂದ ಸೆಲೋಟೇಪಿನ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅಂಟಿನ ಮೈತುಂಬ ಸ್ವೆಟರಿನ ನೂಲು, ಧೂಳು, ಯಾರದೋ ಕೈಗೂದಲು. ಹೊರಗಿನಿಂದ ಪಾಠಕ್ಕೆ ಬಂದಿದ್ದ ಮೇಡಂ ಅದನ್ನು ನಾಲ್ಕು ಮಕ್ಕಳ ತೋಳಿಗೆ ಹಚ್ಚಿ ಕಿತ್ತು, ‘ಈಗ ಇದು ಅಂಟುತ್ತಾ?’ ಅಂತ ಕೇಳಿದರಂತೆ. ಮದುವೆಗೆ ಮುಂಚೆ ದಾರಿ ತಪ್ಪಿದವರ ಗತಿಯೂ ಇದೇ ಅಂತೆ.

ನಾವಿರುವುದು ಟೆಕ್ಸಸ್‌ನಲ್ಲಿ. ಸಿಟ್ಟು ಬಂದದ್ದು ನಿಜ, ಆದರೆ ಅದಕ್ಕಿಂತ ಜಾಸ್ತಿ ಕಾಡಿದ್ದು ಒಂದೇ ಪ್ರಶ್ನೆ: ಆ ಮೇಡಂಗೆ ಸಂಬಳ ಕೊಡುವವರು ಯಾರು? ಫೋನಿನಲ್ಲಿ ಅಮ್ಮ, ‘ಬ್ರಹ್ಮಚರ್ಯ ಹೇಳಿಕೊಡೋಕೂ ಸರ್ಕಾರ ದುಡ್ಡು ಕೊಡುತ್ತಾ?’ ಅಂದಳು. ಕೊಡುತ್ತೆ. 1981ರಿಂದಲೂ ಕೊಡುತ್ತಿದೆ. 1996ರ ವೆಲ್‌ಫೇರ್ (ಬಡವರ ನೆರವಿನ) ಕಾಯ್ದೆಯಲ್ಲಿ ಇದಕ್ಕೆಂದೇ ವರ್ಷಕ್ಕೆ 5 ಕೋಟಿ ಡಾಲರ್ ತೆಗೆದಿಟ್ಟರು. ಕೇಂದ್ರದ ಪ್ರತಿ 4 ಡಾಲರಿಗೆ ರಾಜ್ಯ ತನ್ನ 3 ಡಾಲರ್ ಸೇರಿಸಬೇಕಿತ್ತು. ಕ್ಯಾಲಿಫೋರ್ನಿಯಾ ಆ ಹಣವನ್ನು ಮುಟ್ಟಲೇ ಇಲ್ಲ.

ಹುಡುಕುವಾಗ ‘ಅಬ್ಸ್ಟಿನೆನ್ಸ್’ (ಸಂಯಮ) ಅಂತ ಟೈಪ್ ಮಾಡಬೇಡಿ. ನನ್ನ ಎರಡು ಸಂಜೆ ಹಾಳಾದದ್ದು ಅಲ್ಲೇ. 2018ರಲ್ಲಿ ಈ ಯೋಜನೆಗೆ ‘ಸೆಕ್ಷುಯಲ್ ರಿಸ್ಕ್ ಅವಾಯ್ಡನ್ಸ್ ಎಜುಕೇಶನ್’ (ಲೈಂಗಿಕ ಅಪಾಯದಿಂದ ದೂರವಿರುವ ಶಿಕ್ಷಣ) ಅಂತ ಮರುನಾಮಕರಣ ಮಾಡಿದರು. ಹಣವನ್ನು ವರ್ಷಕ್ಕೆ 7.5 ಕೋಟಿ ಡಾಲರಿಗೆ ಏರಿಸಿದ್ದು ಅದಕ್ಕೂ ಮುಂಚೆ, 2015ರ ಕಾಯ್ದೆಯಲ್ಲಿ.

ಮೊದಲು ಬೇಕಾದದ್ದು ಎರಡು ಹೆಸರು: ಪಾಠ ಮಾಡಿದ ಸಂಸ್ಥೆಯದು, ಪಠ್ಯದ್ದು. ಶಾಲೆಯ ಆಫೀಸಿನಲ್ಲಿ ನನಗೆ ಸಿಕ್ಕಿದ್ದು ಬರೀ ನಗು. ಎರಡೂ ಹೆಸರು ಇದ್ದದ್ದು ನಾನೇ ಸಹಿ ಹಾಕಿ ಕಳಿಸಿದ್ದ ಒಪ್ಪಿಗೆ ಚೀಟಿಯ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಟೆಕ್ಸಸ್‌ನಲ್ಲಿ ಲೈಂಗಿಕ ಶಿಕ್ಷಣದ ಪಠ್ಯವನ್ನು ಡಿಸ್ಟ್ರಿಕ್ಟ್ (ಊರಿನ ಶಾಲೆಗಳ ಆಡಳಿತ) ಪರಿಶೀಲನೆಗೆ ಇಡಲೇಬೇಕು, ಆದ್ದರಿಂದ ‘ನೋಡಬಹುದಾ’ ಅಂತ ಕೇಳಬೇಡಿ, ‘ಯಾವತ್ತು ಬಂದು ನೋಡಲಿ’ ಅಂತ ಕೇಳಿ.

ಆಮೇಲೆ ಯುಎಸ್‌ಎ ಸ್ಪೆಂಡಿಂಗ್ ಡಾಟ್ ಗವ್, ಕೇಂದ್ರ ಸರ್ಕಾರದ ಖರ್ಚಿನ ಲೆಕ್ಕ ತೋರಿಸುವ ವೆಬ್‌ಸೈಟು. ಕೇಂದ್ರದ ಪ್ರತಿ ಅನುದಾನ ಯೋಜನೆಗೂ ಒಂದು ನಂಬರ್ ಇರುತ್ತದೆ. ಈ ಮೂರನ್ನು ಬರೆದಿಟ್ಟುಕೊಳ್ಳಿ. 93.235 ಅಂದರೆ ರಾಜ್ಯಕ್ಕೆ ಹೋಗಿ ಅಲ್ಲಿಂದ ಸಂಸ್ಥೆಗಳಿಗೆ ಹಂಚಿಕೆಯಾಗುವ ಹಣ. 93.060 ಸಂಸ್ಥೆಗಳ ಕೈಗೇ ನೇರ ಬರುವಂಥದ್ದು. 93.092 ಬೇರೆ ಜಾತಿ: ಅದರಲ್ಲಿ ಸಂಯಮದ ಜೊತೆ ಗರ್ಭನಿರೋಧಕವನ್ನೂ ಹೇಳಿಕೊಡಬೇಕು. ನಿಮಗೆ ಸಿಕ್ಕಿದ್ದು ಇದಾದರೆ ಜಗಳದ ತಯಾರಿ ಅಲ್ಲಿಗೇ ನಿಲ್ಲಿಸಬಹುದು.

ಸಂಸ್ಥೆಯ ಹೆಸರು ಹಾಕಿದಾಗ ನನಗೆ ಬಂದದ್ದು ಸೊನ್ನೆ. ಹಣ ರಾಜ್ಯದ ಇಲಾಖೆಯ ಹೆಸರಿನಲ್ಲಿತ್ತು. ‘ಸಬ್‌ಅವಾರ್ಡ್’ (ಪಡೆದವರು ಮುಂದಕ್ಕೆ ಹಂಚಿದ ಹಣ) ಅನ್ನುವ ಆಯ್ಕೆ ಒತ್ತಿದ ಮೇಲೆ ನಮ್ಮ ಮೇಡಂ ಸಂಸ್ಥೆ ಕಾಣಿಸಿಕೊಂಡಿತು, 93.235ರ ಅಡಿಯಲ್ಲಿ. ಅಲ್ಲೂ ಸಿಗದಿದ್ದರೆ ಮೊತ್ತ 30,000 ಡಾಲರಿಗಿಂತ ಕಡಿಮೆ ಇರಬಹುದು, ಅಂಥವನ್ನು ವರದಿ ಮಾಡಲೇಬೇಕೆಂದಿಲ್ಲ. ಆಗ ರಾಜ್ಯದ ಇಲಾಖೆಗೆ ಮಾಹಿತಿ ಅರ್ಜಿ ಹಾಕಬೇಕು.

ಇಲಾಖೆ ಆ ಸಂಸ್ಥೆಯ ಜೊತೆ ಮಾಡಿಕೊಂಡ ಕರಾರಿಗಾಗಿ ಅರ್ಜಿಯನ್ನು ನಾನೂ ಹಾಕಬೇಕಾಯಿತು. ಮೊದಲನೆಯದರಲ್ಲಿ ‘ಸಂಬಂಧಪಟ್ಟ ಎಲ್ಲ ದಾಖಲೆಗಳು’ ಅಂತ ಬರೆದೆ. ದಾಖಲೆ ಬರಲಿಲ್ಲ, ಖರ್ಚಿನ ಅಂದಾಜು ಬಂತು. ಎರಡನೆಯದರಲ್ಲಿ ಒಂದೇ ಸಂಸ್ಥೆ, ಒಂದೇ ವರ್ಷ, ಮೂರೇ ವಸ್ತು ಕೇಳಿದೆ: ಕರಾರು, ಬಜೆಟ್ಟು, ಮಂಜೂರಾದ ಪಠ್ಯದ ಹೆಸರು. ಪೈಸೆ ಖರ್ಚಿಲ್ಲದೆ ಸಿಕ್ಕಿತು. 10 ಕೆಲಸದ ದಿನಗಳಲ್ಲಿ ಕೊಡಲು ಆಗದಿದ್ದರೆ ಯಾವಾಗ ಕೊಡುತ್ತೇವೆ ಅನ್ನುವುದನ್ನಾದರೂ ಅವರು ಬರೆದು ತಿಳಿಸಬೇಕು.

ಈಗ ಪಠ್ಯ ಓದುವ ಸರದಿ. ನೀತಿಯ ವಾದಕ್ಕೆ ಇಳಿಯಬೇಡಿ, ಅದರಲ್ಲಿ ಗೆದ್ದವರನ್ನು ನಾನು ನೋಡಿಲ್ಲ. ಕಾನೂನನ್ನೇ ಹಿಡಿಯಿರಿ: ಈ ಹಣ ಪಡೆದವರು ಹೇಳುವ ಮಾಹಿತಿ ವೈದ್ಯಕೀಯವಾಗಿ ಸರಿಯಿರಬೇಕು. ಕಾಂಡೋಮ್ ತೋರಿಸುವಂತಿಲ್ಲ, ಹಂಚುವಂತಿಲ್ಲ ಅಂತ ಅದೇ ಕಾನೂನು ಹೇಳುತ್ತದೆ. ಆದರೆ ಅದರ ಬಗ್ಗೆ ಸುಳ್ಳು ಹೇಳಲು ಪರವಾನಗಿ ಕೊಟ್ಟಿಲ್ಲ. ಹಾಗಾಗಿ ವೈರಸ್ಸು, ಶೇಕಡಾವಾರು, ‘ಫೇಲ್ ಆಗುತ್ತದೆ’ ಅನ್ನುವ ಮಾತು ಇರುವ ಪುಟಗಳನ್ನೇ ಮೊದಲು ತಿರುವಿ. 2004ರಲ್ಲಿ ಸಂಸದ ಹೆನ್ರಿ ವ್ಯಾಕ್ಸ್‌ಮನ್ ಕಚೇರಿ ಇಂಥ 13 ಪಠ್ಯ ತೆಗೆಸಿ ನೋಡಿದಾಗ 11ರಲ್ಲಿ ತಪ್ಪು ಅಥವಾ ದಾರಿ ತಪ್ಪಿಸುವ ಮಾಹಿತಿ ಸಿಕ್ಕಿತ್ತು.

‘ಆದರೂ ಇದರಿಂದ ಉಪಯೋಗ ಇದೆಯಲ್ಲ’ ಅನ್ನುವವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಸರ್ಕಾರವೇ ಮಾಡಿಸಿ 2007ರಲ್ಲಿ ಬಂದ, ಮ್ಯಾಥಮ್ಯಾಟಿಕಾ ಅನ್ನುವ ಸಂಶೋಧನಾ ಸಂಸ್ಥೆಯ ವರದಿ ಕೊಡಿ. ನಾಲ್ಕು ಕಾರ್ಯಕ್ರಮ, 2,000ಕ್ಕೂ ಹೆಚ್ಚು ಮಕ್ಕಳು. ಪಾಠ ಕೇಳಿದವರಿಗೂ ಕೇಳದವರಿಗೂ ಮೊದಲ ಲೈಂಗಿಕ ಅನುಭವದ ಸರಾಸರಿ ವಯಸ್ಸು ಒಂದೇ, 14.9.

ಕೊನೆಗೆ ಡಿಸ್ಟ್ರಿಕ್ಟಿನ ಸ್ಕೂಲ್ ಹೆಲ್ತ್ ಅಡ್ವೈಸರಿ ಕೌನ್ಸಿಲ್, ಅಂದರೆ ಶಾಲಾ ಆರೋಗ್ಯದ ಸಲಹಾ ಸಮಿತಿ. ಅದರ ಸದಸ್ಯರಲ್ಲಿ ಹೆಚ್ಚಿನವರು ಪೋಷಕರೇ ಆಗಿರಬೇಕು, ವರ್ಷಕ್ಕೆ ನಾಲ್ಕು ಸಲವಾದರೂ ಸೇರಬೇಕು. ನಾನು ಒಂದೇ ಹಾಳೆ ಒಯ್ದೆ. ಮೇಲೆ 93.235, ಕೆಳಗೆ ಮೊತ್ತ, ಅದರ ಕೆಳಗೆ ಪಠ್ಯದ ಎರಡು ತಪ್ಪು ಸಾಲು. ಮೂಲೆಯಲ್ಲಿ ಆ ಟೇಪಿನ ತುಂಡು ಅಂಟಿಸಿದ್ದೆ. ಕೂದಲು, ನೂಲು ಎಲ್ಲ ಇದ್ದರೂ ಚೆನ್ನಾಗಿಯೇ ಅಂಟಿತು.