ಗೆರೆ ಬೀಳೋ ಮುಂಚೆ ಆಕ್ಷೇಪಣೆ ಬರೆಯೋದು ಹೇಗೆ

ಮಳವಳ್ಳಿ ತಾಲ್ಲೂಕು ಕಚೇರಿ ಎದುರು 31 ವರ್ಷದಿಂದ ಅರ್ಜಿ ಬರೀತಿದ್ದೀನಿ. ಪೌತಿ ಖಾತೆ, ಪಹಣಿ ತಿದ್ದುಪಡಿ, ವಿಧವಾ ವೇತನ, ಇವೇ ನನ್ನ ದಿನದ ಅನ್ನ. ಈಚೆಗೆ ಬೆಂಚಿನ ಮೇಲೆ ಕೂತವರು ಬೇರೆ ಪ್ರಶ್ನೆ ಶುರು ಮಾಡಿದ್ದಾರೆ: "ಅಣ್ಣ, ಜನಗಣತಿ ಆದ್ಮೇಲೆ ಕ್ಷೇತ್ರಗಳನ್ನ ಹೊಸದಾಗಿ ಕುಯ್ತಾರಂತಲ್ಲ, ನಮ್ಮ ಮೀಸಲು ಉಳಿಯುತ್ತಾ?" ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಕ್ಷೇತ್ರ ಹೊಸದಾಗಿ ಕುಯ್ಯೋದಕ್ಕೆ ಪುನರ್ವಿಂಗಡಣೆ ಅಂತಾರೆ. ಅದರ ಕರಡು ಆಕ್ಷೇಪಣೆಗೆ ಬಂದ ದಿನ ಓಡಾಡಿದ್ರೆ ಆಗಲ್ಲ. ಫೈಲು ಈಗಲೇ ಕಟ್ಟಿ.

ನಮ್ಮ ಹೋಬಳಿ ಕಿರುಗಾವಲು. 2004ರ ಚುನಾವಣೆವರೆಗೂ ಅದೇ ಹೆಸರಿನ ವಿಧಾನಸಭಾ ಕ್ಷೇತ್ರ ಇತ್ತು. 2008ಕ್ಕೆ ಕಿರುಗಾವಲೂ ಹೋಯ್ತು, ಕೆರಗೋಡೂ ಹೋಯ್ತು, ಮಂಡ್ಯ ಜಿಲ್ಲೆಯ ಒಂಬತ್ತು ಸೀಟು ಏಳಾಯ್ತು. ಆ ಕಡೆ ಮೈಸೂರು ಜಿಲ್ಲೇಲಿ ಬನ್ನೂರು ಹೋಯ್ತು, ವರುಣ ಹುಟ್ಟಿತು. ಕರಡು ಬಂದಾಗ ನಮ್ಮೂರಲ್ಲಿ ಒಬ್ಬರೂ ಓದಿರಲಿಲ್ಲ. ನಾನೂ ಓದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮೊದಲು ಮೀಸಲಿನ ಲೆಕ್ಕ ಕಲೀರಿ, ಇದು ಮಗ್ಗಿ ಬಂದವರಿಗೆಲ್ಲ ಬರುತ್ತೆ. ರಾಜ್ಯದಲ್ಲಿ 224 ಸೀಟು. 2001ರ ಗಣತೀಲಿ ಎಸ್ಸಿ ಜನ ನೂರಕ್ಕೆ 16.2. ಗುಣಿಸಿ: 36. ಎಸ್ಟಿ ಜನ 6.55, ಗುಣಿಸಿದರೆ 15ರ ಹತ್ತಿರ. ಈಗಿರೋದೂ ಅಷ್ಟೇ, 36 ಮತ್ತು 15. ಅದಕ್ಕೆ ಮುಂಚೆ ಎಸ್ಟಿ ಸೀಟು ಬರೀ ಎರಡಿತ್ತು. 1991ರಲ್ಲಿ ನಾಯಕ ಸಮುದಾಯ ಎಸ್ಟಿ ಪಟ್ಟಿಗೆ ಸೇರಿದ್ದರ ಫಲ 2008ರಲ್ಲಿ ಸಿಕ್ಕಿತು. ನಮ್ಮ ಜಿಲ್ಲೆಗೂ ಹಾಕಿ ನೋಡಿ: 2011ರ ಗಣತೀಲಿ ಮಂಡ್ಯದ ಎಸ್ಸಿ ಜನ ನೂರಕ್ಕೆ ಸುಮಾರು 14.7, ಸೀಟು ಏಳು, ಬರೋದು ಒಂದು. ಅದೇ ನಮ್ಮ ಮಳವಳ್ಳಿ. ಮೈಸೂರಲ್ಲಿ ಹನ್ನೊಂದು ಸೀಟು, ಎಸ್ಸಿ ಸುಮಾರು 18, ಎಸ್ಟಿ ಸುಮಾರು 11. ಎರಡು, ಒಂದು. ನಂಜನಗೂಡು, ತಿ. ನರಸೀಪುರ ಎಸ್ಸಿಗೆ, ಹೆಗ್ಗಡದೇವನಕೋಟೆ ಎಸ್ಟಿಗೆ.

ಎಷ್ಟು ಸೀಟು ಅನ್ನೋದು ಗಣಿತ, ಅದರಲ್ಲಿ ಜಗಳಕ್ಕೆ ಜಾಗ ಇಲ್ಲ. ಯಾವ ಸೀಟು ಅನ್ನೋದರಲ್ಲೇ ಎಲ್ಲಾ ಇರೋದು. 2002ರ ಪುನರ್ವಿಂಗಡಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಎಸ್ಟಿ ಸೀಟು ಅವರ ಪ್ರಮಾಣ ಅತಿ ಹೆಚ್ಚಿರೋ ಕಡೆ ಬೀಳಬೇಕು. ಎಸ್ಸಿ ಸೀಟು ರಾಜ್ಯದ ಬೇರೆ ಬೇರೆ ಭಾಗಕ್ಕೆ ಹಂಚಿ, ಸಾಧ್ಯವಾದಷ್ಟೂ ಅವರ ಪ್ರಮಾಣ ಹೆಚ್ಚಿರೋ ಕಡೆ ಬರಬೇಕು. ಒಂದು ಕ್ಷೇತ್ರದ ಊರುಗಳು ಒತ್ತಾಗಿ ಒಂದಕ್ಕೊಂದು ಅಂಟಿಕೊಂಡಿರಬೇಕು, ನದಿ ಬೆಟ್ಟ ನೋಡಬೇಕು, ಆಡಳಿತದ ಗಡಿ, ಓಡಾಟದ ದಾರಿ, ಜನರ ಅನುಕೂಲ ನೋಡಬೇಕು. ಮುಂದಿನ ಸಲ ಕಾಯ್ದೆಯ ಮಾತು ಬದಲಾದರೆ ಆ ಮಾತು ಹಿಡೀರಿ. ನಿಮ್ಮ ಅರ್ಜಿ ಅವರ ಕಾಯ್ದೆಯ ಪದದಲ್ಲೇ ಮಾತಾಡಬೇಕು.

ಒಂದು ಹೋಬಳಿ ಅತ್ತಿತ್ತ ಆದ್ರೆ ಏನಾಗುತ್ತೆ ಅಂತ ಚೀಟಿ ಹಿಂದೆ ಬರೆದು ತೋರಿಸ್ತೀನಿ, ಅಂಕಿ ನಾನು ಕಟ್ಟಿದ್ದು. ಎರಡು ಕ್ಷೇತ್ರ, ಎರಡರಲ್ಲೂ ಎರಡೂವರೆ ಲಕ್ಷ ಜನ. ಮೊದಲನೇದರಲ್ಲಿ ಎಸ್ಸಿ 60,000, ಅಂದ್ರೆ ನೂರಕ್ಕೆ 24. ಪಕ್ಕದ್ದರಲ್ಲಿ 57,500, ನೂರಕ್ಕೆ 23. ಮೀಸಲು ಮೊದಲನೇದಕ್ಕೆ. ಈಗ 20,000 ಜನರ ಒಂದು ಹೋಬಳಿ, ಅದರಲ್ಲಿ 7,000 ಎಸ್ಸಿ, ಆ ಕಡೆ ಹೋಯ್ತು. ಬದಲಿಗೆ 3,000 ಎಸ್ಸಿ ಇರೋ ಇನ್ನೊಂದು 20,000 ಈ ಕಡೆ ಬಂತು. ಮೊದಲನೇದು 22.4ಕ್ಕೆ ಇಳೀತು, ಪಕ್ಕದ್ದು 24.6ಕ್ಕೆ ಏರ್ತು. ಮೀಸಲು ಗದ್ದೆಬದು ದಾಟಿ ಹಾರ್ತು. ಒಬ್ಬರೂ ಜಾತಿ ಹೆಸರು ಎತ್ತಲಿಲ್ಲ, ಬರೀ ಹೋಬಳಿ ಹೆಸರು ಬದಲಾಯ್ತು.

ಅಮೆರಿಕದಲ್ಲಿ ಕರಿಯ ಮತದಾರರಿಗೆ ಇದೇ ಗೆರೆಯಾಟ. ಅವರಿಗೆ ನಮ್ಮ ಥರ ಮೀಸಲು ಕ್ಷೇತ್ರ ಇಲ್ಲ, ಹಾಗಾಗಿ ಗೆರೆಯೇ ಸರ್ವಸ್ವ: ಒಂದೇ ಕ್ಷೇತ್ರಕ್ಕೆ ಎಲ್ಲರನ್ನೂ ತುಂಬೋದು, ಇಲ್ಲಾ ನಾಲ್ಕು ಕಡೆಗೆ ಚೂರು ಮಾಡೋದು. ಅಲಬಾಮಾದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಕರಿಯರಿದ್ದೂ ಏಳರಲ್ಲಿ ಒಂದೇ ಸೀಟಲ್ಲಿ ಅವರ ಬಹುಮತ ಇತ್ತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1965ರ ಮತದಾನ ಹಕ್ಕಿನ ಕಾಯ್ದೆ ಹಿಡಿದು ಜನರ ಪರ ನಿಂತಿತು. ನಮ್ಮಲ್ಲಿ ಮುಸ್ಲಿಮರ ಪರಿಸ್ಥಿತಿ ಇದಕ್ಕೆ ಹತ್ತಿರ. ವಿಧಾನಸಭೇಲಿ ಅವರಿಗೆ ಮೀಸಲು ಇಲ್ಲ, ಗೆರೆ ಎಲ್ಲಿ ಬೀಳುತ್ತೋ ಅಷ್ಟೇ ಬಲ. ಆದ್ರೆ ಕೋರ್ಟಿನ ಭರವಸೇಲಿ ಕೂರಬೇಡಿ. ನಮ್ಮ ಸಂವಿಧಾನದ 329ನೇ ವಿಧಿ ಪುನರ್ವಿಂಗಡಣೆಗೆ ಕೋರ್ಟಿನ ಬಾಗಿಲು ಮುಚ್ಚಿದೆ. 2024ರಲ್ಲಿ ಗುಜರಾತಿನ ಬಾರ್ಡೋಲಿ ಎಸ್ಸಿ ಮೀಸಲಿನ ಕೇಸಲ್ಲಿ ಸುಪ್ರೀಂ ಕೋರ್ಟು, ಆದೇಶ ತೀರಾ ಮನಬಂದಂತೆ ಇದ್ರೆ ನೋಡಬಹುದು ಅಂತ ಒಂದು ಕಿಂಡಿ ತೆರೀತು. ಕಿಂಡಿಯೇ, ಬಾಗಿಲಲ್ಲ. ಅದಕ್ಕೇ ಕರಡಿನ ದಿನಗಳು ಮುಖ್ಯ.

ಇನ್ನು ಫೈಲು. ಜನಗಣತಿ ಇಲಾಖೆಯ ಜಿಲ್ಲಾ ಕೈಪಿಡಿ ಅಂತ ಇದೆ, ಆನ್‌ಲೈನಲ್ಲೂ ಸಿಗುತ್ತೆ. ಅದರಲ್ಲಿ ಗ್ರಾಮವಾರು ಒಟ್ಟು ಜನ, ಎಸ್ಸಿ, ಎಸ್ಟಿ ಕಾಲಂ ಇರುತ್ತೆ. ನನ್ನ ಮಗಳು ಎಕ್ಸೆಲ್‌ಗೆ ಹಾಕಿಕೊಟ್ಟಳು. ನೀವು ಉದ್ದ ನೋಟ್‌ಬುಕ್ಕಲ್ಲಿ ಬರೆದರೂ ನಡೆಯುತ್ತೆ. ಎರಡು ಎಚ್ಚರ. ಸೊನ್ನೆ ಅಂತ ಕಂಡ ಊರೆಲ್ಲ ತಪ್ಪಲ್ಲ, ಬೇಚರಾಕ್ ಗ್ರಾಮ ಇರ್ತವೆ, ಹೆಸರಿದೆ ಜನ ಇಲ್ಲ. ಇನ್ನೊಂದು, ಕಾಲೋನಿ, ದೊಡ್ಡಿ, ಹುಂಡಿ ಬೇರೆ ಸಾಲಲ್ಲಿ ಸಿಗಲ್ಲ, ಕಂದಾಯ ಗ್ರಾಮದೊಳಗೇ ಸೇರಿರ್ತವೆ. ಕಾಲೋನಿ ಎಷ್ಟು ಮನೆ ಅಂತ ಬೇಕಿದ್ರೆ ನೀವೇ ಸಂಜೆ ಹೊತ್ತು ನಡೆದು ಎಣಿಸಿ. ಒಟ್ಟು ಮಾತ್ರ ಗಣತಿಯದ್ದೇ ಇರಲಿ.

ನನ್ನ ಕೈಲಾದ ಎಡವಟ್ಟು ಕೇಳಿ. ತಾಲ್ಲೂಕು ಪಂಚಾಯಿತಿ ಕ್ಷೇತ್ರಗಳ ಕರಡಲ್ಲಿ ಒಂದೇ ನಾಲೆ ಏರಿ ಮೇಲಿನ ಮೂರು ಕಾಲೋನಿ ಮೂರು ಕ್ಷೇತ್ರಕ್ಕೆ ಹಂಚಿಹೋಗಿತ್ತು. ನಾನು "ದಲಿತರಿಗೆ ಘೋರ ಅನ್ಯಾಯ" ಅಂತ ಎರಡು ಪುಟ ಬಿಸಿಬಿಸಿಯಾಗಿ ಬರೆದೆ, 180 ಜನರ ಸಹಿ ಹಾಕಿಸಿದೆ. ಒಂದು ಅಂಕಿ ಇರಲಿಲ್ಲ. ಬದಲಿಗೆ ಯಾವ ಊರು ಎಲ್ಲಿ ಸೇರಬೇಕು ಅಂತಲೂ ಹೇಳಿರಲಿಲ್ಲ. ಒಂದು ಸಾಲಿನ ಹಿಂಬರಹ ಬಂತು, ತಿರಸ್ಕಾರ. ಸಿಟ್ಟು ಬಂತು ನಿಜ. ಆದ್ರೆ ಆ ಗುಮಾಸ್ತನ ಜಾಗದಲ್ಲಿ ನಾನಿದ್ದಿದ್ರೂ ಅದನ್ನ ಇಟ್ಕೊಂಡು ಏನು ಮಾಡಬೇಕಿತ್ತು?

ಈಗ ನಾನು ಬರೆಯೋದು ಹೀಗೆ, ಒಂದೇ ಪುಟ:

"ಕರಡಿನ ಕ್ರಮ ಸಂಖ್ಯೆ ಇಂಥದ್ದರಲ್ಲಿ ಇಂಥ ಗ್ರಾಮವನ್ನು ಇಂಥ ಕ್ಷೇತ್ರಕ್ಕೆ ಸೇರಿಸಲಾಗಿದೆ. ಗಣತಿಯಂತೆ ಜನಸಂಖ್ಯೆ ಇಷ್ಟು, ಎಸ್ಸಿ ಇಷ್ಟು. ಈ ಗ್ರಾಮಕ್ಕೂ ಆ ಕ್ಷೇತ್ರಕ್ಕೂ ನಡುವೆ ನದಿ ಇದ್ದು, ಸೇತುವೆ ಮೂಲಕ ಇಷ್ಟು ಕಿಲೋಮೀಟರ್ ಸುತ್ತಬೇಕು. ಇದನ್ನು ಪಕ್ಕದ ಕ್ಷೇತ್ರಕ್ಕೆ ಸೇರಿಸಿ, ಬದಲಿಗೆ ಇಂಥ ಗ್ರಾಮ ಕೊಟ್ಟರೆ ಎರಡೂ ಕ್ಷೇತ್ರದ ಜನಸಂಖ್ಯೆ ಹೀಗಾಗುತ್ತದೆ."

ಬದಲಿ ಹೇಳೋದು ಕಷ್ಟದ ಕೆಲಸ, ಅದನ್ನೇ ಎಲ್ಲರೂ ಬಿಡೋದು. ಒಂದೂರು ತೆಗೆದ್ರೆ ಕ್ಷೇತ್ರ ಸೊರಗುತ್ತೆ, ತುಂಬೋದು ಯಾವುದರಿಂದ ಅಂತ ನೀವೇ ಹೇಳಿದ್ರೆ ಅವರ ಅರ್ಧ ಕೆಲಸ ಮುಗೀತು. ಪಕ್ಕದೂರಿನವರ ಜತೆ ಮೊದಲೇ ಕೂತು ಮಾತಾಡಿ, ಇಲ್ಲಾಂದ್ರೆ ಅವರ ಆಕ್ಷೇಪಣೆ ನಿಮ್ಮದಕ್ಕೆ ಅಡ್ಡ ಬರುತ್ತೆ. ಆಡಳಿತದ ಗಡಿ ಮುರಿದಿದ್ರೆ ಅದನ್ನೂ ಬರೀರಿ. ವರುಣ ಮೈಸೂರು, ನಂಜನಗೂಡು, ತಿ. ನರಸೀಪುರ ಮೂರೂ ತಾಲ್ಲೂಕಿನ ಹಳ್ಳಿಗಳಿಂದ ಆದ ಕ್ಷೇತ್ರ, ಒಬ್ಬ ಶಾಸಕರಿಗೆ ಮೂರು ತಾಲ್ಲೂಕು ಕಚೇರಿ.

ಶಾಸಕರ ಕೈಲಿ ಹೇಳಿಸ್ತೀವಿ ಅಂತೀರಾ? ಗೆರೆ ಎಳೆಯೋದು ಪುನರ್ವಿಂಗಡಣಾ ಆಯೋಗ. ಹಿಂದಿನ ಆಯೋಗದಲ್ಲಿ ರಾಜ್ಯಕ್ಕೆ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿದ್ದರು, ಮತ ಹಾಕೋ ಹಕ್ಕಿರಲಿಲ್ಲ. ಅವರು ತಮ್ಮ ಸೀಟು ಉಳಿಸ್ಕೋತಾರೋ ನಿಮ್ಮ ಕಾಲೋನಿ ಉಳಿಸ್ತಾರೋ, ನೀವೇ ಯೋಚಿಸಿ.

ಬಹಿರಂಗ ಸಭೆ ನಡೆದರೆ ಹೋಗಿ. ಘೋಷಣೆ ಬೇಡ, ಊರಿನ ಹೆಸರಿಂದ ಶುರು ಮಾಡಿ, ಎರಡು ನಿಮಿಷದಲ್ಲಿ ಮುಗಿಸಿ. ಕೈಯಲ್ಲಿ ಬರೆದ ನಕ್ಷೆ ಇರಲಿ, ಸ್ಕೆಚ್ ಪೆನ್ನಲ್ಲಿ ನಾಲೆ ನೀಲಿ, ರಸ್ತೆ ಕೆಂಪು ಸಾಕು. ಅರ್ಜಿ ಎರಡು ಪ್ರತಿ ಒಯ್ಯಿರಿ. ಒಂದು ಟಪಾಲಿಗೆ, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸ್ಕೊಳ್ಳಿ. ಸೀಲು ಮಸುಕಾಗಿದ್ರೆ ಅಲ್ಲೇ ನಿಂತು ಇನ್ನೊಂದು ಸಲ ಒತ್ತಿಸಿ.